ನಕ್ಷತ್ರಗಳ ಬಣ್ಣವೂ ಆಕಾಶಗಂಗೆಯ ವಯಸ್ಸೂ

ಮಾಘಮಾಸದ ಇರುಳಿನಲ್ಲಿ ಊಟ ಮುಗಿಸಿ ಮಾಳಿಗೆಯ ಮೇಲೆ ನಿಂತವರಿಗೆ ಕೃತ್ತಿಕೆ, ರೋಹಿಣಿ, ಆರ್ದ್ರೆಗಳು ಒಂದರ ಹಿಂದೊಂದರಂತೆ ಕಾಣುತ್ತವೆ. ಪಂಚಾಂಗದಲ್ಲಿ ಈ ಹೆಸರುಗಳನ್ನು ನಿತ್ಯವೂ ಓದುವ ನಾವು ಅವುಗಳ ಬಣ್ಣವನ್ನು ಗಮನಿಸುವುದು ಅಪರೂಪ. ಕೃತ್ತಿಕೆಯದು ನೀಲಿ ಬೆರೆತ ಬಿಳುಪು, ರೋಹಿಣಿಯದು ಕಿತ್ತಳೆ, ಆರ್ದ್ರೆಯದು ಕೆಂಪು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಾಗಿ, ಕಾವು ಏರಿದಂತೆ ಹಳದಿಯಾಗಿ, ಕಡೆಗೆ ಬೆಳ್ಳಗಾಗುವುದಷ್ಟೆ? ನಕ್ಷತ್ರಗಳ ನಿಯಮವೂ ಅದೇ. ಆರ್ದ್ರೆಯ ಮೇಲ್ಮೈ ಉಷ್ಣತೆ ಸುಮಾರು 3,300 ಡಿಗ್ರಿ ಸೆಲ್ಸಿಯಸ್, ಸೂರ್ಯನದು 5,500, ಕೃತ್ತಿಕೆಯ ಪ್ರಮುಖ ತಾರೆಗಳದು 10,000ಕ್ಕೂ ಮಿಗಿಲು.

ಬಣ್ಣದಿಂದ ವಯಸ್ಸು ತಿಳಿಯುವ ಬಗೆ ಹೇಗೆ? ನೀಲಿ ತಾರೆಗಳು ಭಾರವಾದವು. ತಮ್ಮ ಇಂಧನವನ್ನು ದುಂದುಗಾರರಂತೆ ಬೇಗನೆ ಕಳೆದುಕೊಳ್ಳುತ್ತವೆ. ಒಡಹುಟ್ಟಿದ ತಾರೆಗಳ ಗುಚ್ಛವೊಂದರಲ್ಲಿ ಮೊದಲು ಮರೆಯಾಗುವವು ಅವೇ. ಆದ್ದರಿಂದ ಯಾವ ಬಣ್ಣದವರೆಗಿನ ತಾರೆಗಳು ಇನ್ನೂ ಉಬ್ಬದೆ ಉಳಿದಿವೆ ಎಂದು ನೋಡಿದರೆ ಗುಚ್ಛದ ವಯಸ್ಸು ದೊರೆಯುತ್ತದೆ. ಕೃತ್ತಿಕೆಗೆ ಸುಮಾರು 10 ಕೋಟಿ ವರ್ಷ. ಆಕಾಶಗಂಗೆಯ ಅತಿ ಹಳೆಯ ಗೋಳಗುಚ್ಛಗಳಿಗೆ 1,200 ಕೋಟಿ ವರ್ಷಕ್ಕೂ ಹೆಚ್ಚು.

ಹಾಗೆಂದು ಕೆಂಪಾದುದೆಲ್ಲ ಪುರಾತನವೆಂದು ಭಾವಿಸಲಾಗದು. ಆರ್ದ್ರೆಗೆ ಒಂದು ಕೋಟಿ ವರ್ಷದಷ್ಟು ವಯಸ್ಸು, ಅಷ್ಟೆ. ಭಾರೀ ನಕ್ಷತ್ರವಾದುದರಿಂದ ಎಳವೆಯಲ್ಲಿಯೇ ಮುಪ್ಪಡರಿ, ಉಬ್ಬಿ, ತಣಿದು ಕೆಂಪಾಗಿದೆ. ನಡುವಿನ ಧೂಳು ಸಹ ಸಂಜೆಯ ಸೂರ್ಯನನ್ನು ಕೆಂಪಾಗಿಸುವಂತೆ ದೂರದ ತಾರೆಗಳ ಬಣ್ಣ ಕೆಡಿಸುತ್ತದೆ. ಬಣ್ಣವನ್ನು ಅಳೆಯುವುದಕ್ಕಿಂತ ಅದರ ಅರ್ಥವನ್ನು ನಿರ್ಣಯಿಸುವುದೇ ಕಷ್ಟ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಮಂಕಾಗಿಸಿದ್ದರು. ಜರ್ಮನಿಯಲ್ಲಿ ಹುಟ್ಟಿದವರೆಂಬ ಕಾರಣಕ್ಕೆ ಯುದ್ಧಕಾರ್ಯದಿಂದ ದೂರವಿದ್ದ ವಾಲ್ಟರ್ ಬಾಡೆ, ಮೌಂಟ್ ವಿಲ್ಸನ್‌ನ 100 ಅಂಗುಲದ ದೂರದರ್ಶಕದಿಂದ ಆ ಕತ್ತಲೆಯ ಸದುಪಯೋಗ ಪಡೆದರು. ಆಂಡ್ರೊಮಿಡಾ ಗೆಲಾಕ್ಸಿಯ ಸುರುಳಿತೋಳುಗಳಲ್ಲಿ ನೀಲಿ ತಾರೆಗಳೂ ನಡುಭಾಗದಲ್ಲಿ ಕೆಂಪು ತಾರೆಗಳೂ ಪ್ರಧಾನವೆಂದು ಕಂಡು, 1944ರಲ್ಲಿ ನಕ್ಷತ್ರಗಳನ್ನು ಎರಡು ಸಮೂಹಗಳಾಗಿ ವಿಂಗಡಿಸಿದರು. ನಮ್ಮ ಆಕಾಶಗಂಗೆಗೂ ಈ ವಿಂಗಡಣೆ ಅನ್ವಯಿಸಿತು.

ಬಣ್ಣಕ್ಕೆ ಇನ್ನೊಂದು ಕಾರಣವೂ ಉಂಟು. ಹೀಲಿಯಂಗಿಂತ ಭಾರವಾದ ಎಲ್ಲ ಧಾತುಗಳನ್ನೂ ಖಗೋಳಜ್ಞರು ಲೋಹವೆಂದೇ ಕರೆಯುತ್ತಾರೆ (ರಸಾಯನಶಾಸ್ತ್ರದ ಅಧ್ಯಾಪಕರು ಇದನ್ನು ಒಪ್ಪಲಾರರು!). ಇವು ನೀಲಿ ಬೆಳಕನ್ನು ಹೆಚ್ಚಾಗಿ ಹೀರುವುದರಿಂದ, ಲೋಹ ಕಡಿಮೆಯಿರುವ ತಾರೆ ತುಸು ನೀಲಿಯಾಗಿಯೇ ತೋರುತ್ತದೆ.

ಈ ಸೂಕ್ಷ್ಮ ವ್ಯತ್ಯಾಸವೇ ಒಂದು ಮಹತ್ತ್ವದ ಸಂಗತಿಯನ್ನು ಹೊರಗೆಡಹಿತು. ಯೂರೋಪಿನ ಗಾಯಾ ಉಪಗ್ರಹದ 2018ರ ಮಾಹಿತಿಯಲ್ಲಿ, ಅತಿವೇಗವಾಗಿ ಚಲಿಸುವ ಹಳೆಯ ತಾರೆಗಳು ನೀಲಿ ಮತ್ತು ಕೆಂಪು ಎಂಬ ಎರಡು ಸಾಲುಗಳಾಗಿ ಬೇರ್ಪಟ್ಟು ಕಂಡವು. ಕೆಂಪು ಸಾಲಿನವು ಆಕಾಶಗಂಗೆಯ ಮನೆಮಕ್ಕಳು. ನೀಲಿಯವು ಬಹುಪಾಲು ಹೊರಗಿನಿಂದ ಬಂದವು: ಸುಮಾರು 1,000 ಕೋಟಿ ವರ್ಷಗಳ ಹಿಂದೆ ಬೇರೊಂದು ಚಿಕ್ಕ ಗೆಲಾಕ್ಸಿ ನಮ್ಮದಕ್ಕೆ ಅಪ್ಪಳಿಸಿ ಕರಗಿಹೋದುದರ ಉಳಿಕೆ. ಗಾಯಾ 2025ರಲ್ಲಿ ವೀಕ್ಷಣೆ ನಿಲ್ಲಿಸಿತು. ಅದು ಬಣ್ಣ ಅಳೆದ ತಾರೆಗಳ ಸಂಖ್ಯೆ ಸುಮಾರು 150 ಕೋಟಿ.