ಸ್ನೋಯಿ ಪರ್ವತಗಳ ಹಾದಿ

ಆಸ್ಟ್ರೇಲಿಯ ಎಂದೊಡನೆ ವಿಶಾಲವಾದ ಮರುಭೂಮಿಯು ಕಣ್ಣೆದುರು ನಿಲ್ಲುತ್ತದೆ. ಆದರೆ ಆ ಖಂಡದ ಆಗ್ನೇಯದಲ್ಲಿ ಚಳಿಗಾಲ ಬಂತೆಂದರೆ ಹಿಮ ಹೊದೆಯುವ ಸ್ನೋಯಿ ಪರ್ವತಗಳಿವೆ. ಇವುಗಳನ್ನು ದಾಟಿ ಜಿಂಡಬೈನ್‌ನಿಂದ ಖಾನ್‌ಕೋಬನ್‌ವರೆಗೆ ಸಾಗುವ ‘ಆಲ್ಪೈನ್ ವೇ’ ಎಂಬ ರಸ್ತೆಯು ಮೋಟಾರುಸೈಕಲ್ ಸವಾರರಿಗೆ ಅಚ್ಚುಮೆಚ್ಚಿನದು.

ಮೊದಲು ಎದುರಾಗುವುದು ಜಿಂಡಬೈನ್ ಸರೋವರ. ಅದರ ಶಾಂತ ಜಲರಾಶಿಯ ತಳದಲ್ಲಿ ಹಳೆಯ ಊರಿನ ನೆಲವಿದೆ. ಅಣೆಕಟ್ಟಿಗಾಗಿ 1960ರ ದಶಕದಲ್ಲಿ ಊರನ್ನೇ ಸ್ಥಳಾಂತರಿಸಲಾಯಿತು. ಮುಂದಿನದು ಥ್ರೆಡ್‌ಬೊ ಕಣಿವೆ. 2,228 ಮೀಟರು ಎತ್ತರದ ಕೊಸಿಯಸ್ಕೊ ಶಿಖರಕ್ಕೆ ಹೋಗುವವರು ಇಲ್ಲಿ ಇಳಿಯುತ್ತಾರೆ. 1997ರಲ್ಲಿ ಇದೇ ರಸ್ತೆಯ ಅಂಚಿನ ಮಣ್ಣು ಕುಸಿದು ಈ ಊರಿನಲ್ಲಿ 18 ಮಂದಿ ಮಡಿದರು. ಅನಂತರ ಹಾದಿಯು ಕಾಡಿನ ನಡುವೆ ತಿರುತಿರುಗಿ ಇಳಿಯುತ್ತದೆ. ಸ್ಕ್ಯಾಮೆಲ್ಸ್ ಎಂಬ ವೀಕ್ಷಣಾಸ್ಥಳದಲ್ಲಿ ನಿಂತರೆ ಪರ್ವತಶ್ರೇಣಿಯ ಕಡಿದಾದ ಪಶ್ಚಿಮ ಮುಖವು ಗೋಡೆಯಂತೆ ತೋರುತ್ತದೆ.

ಈ ರಸ್ತೆ ವಿಹಾರಕ್ಕೆಂದು ಹುಟ್ಟಿದ್ದಲ್ಲ. 1949ರಿಂದ 1974ರವರೆಗೆ ನಡೆದ ಸ್ನೋಯಿ ಜಲವಿದ್ಯುತ್ ಯೋಜನೆಯ ಕೆಲಸಕ್ಕಾಗಿ ಇದನ್ನು ನಿರ್ಮಿಸಿದರು. ಮೂವತ್ತಕ್ಕೂ ಹೆಚ್ಚು ದೇಶಗಳ ಜನರು ಇಲ್ಲಿ ಸುರಂಗ ಕೊರೆದು, ಅಣೆಕಟ್ಟು ಕಟ್ಟಿ, ಪರ್ವತದ ನೀರನ್ನು ಪಶ್ಚಿಮದ ಬಯಲಿಗೆ ಹರಿಸಿದರು. ಆ ಕಾರ್ಯದಲ್ಲಿ 121 ಮಂದಿ ಪ್ರಾಣ ತೆತ್ತರು. ಸವಾರನು ನಿಂತು ಸವಿಯುವ ಚೆಲುವು ಪ್ರಕೃತಿಯ ಕೊಡುಗೆ. ಅದರ ಬಳಿಗೆ ಕರೆದೊಯ್ಯುವ ಹಾದಿ ಶ್ರಮಿಕರ ಕೊಡುಗೆ.