ಕಾಂಕ್ರೀಟು ಮತ್ತು ಉಕ್ಕು: ಒಂದು ತೌಲನಿಕ ವಿಚಾರ

ಕಾರವಾರದ ರೈಲು ನಿಲ್ದಾಣವಿರುವುದು ಶಿರವಾಡದಲ್ಲಿ. ಅಲ್ಲಿ ಹಳಿಯ ಕಡೆ ದೃಷ್ಟಿ ಹರಿಸಿದ ವಿದ್ಯಾರ್ಥಿಗೆ ಭಿನ್ನಕುಲದ ಎರಡು ವಸ್ತುಗಳು ಒಂದೇ ಭಾರವನ್ನು ಹೊರುವುದು ಕಾಣುತ್ತದೆ: ಮೇಲೆ ಉಕ್ಕಿನ ಕಂಬಿ, ಕೆಳಗೆ ಕಾಂಕ್ರೀಟಿನ ಸ್ಲೀಪರು. ಕಾಂಕ್ರೀಟನ್ನು ಸಿರಾಮಿಕ್ ಮಿಶ್ರವಸ್ತುವೆನ್ನುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಗಟ್ಟಿಗೊಂಡ ಸಿಮೆಂಟೂ ಅದರಲ್ಲಿ ಹುದುಗಿದ ಜಲ್ಲಿ ಮರಳುಗಳೂ ಅಲೋಹವಾದ ನಿರವಯವ ಪದಾರ್ಥಗಳೇ. ಕುಲುಮೆಯ ಬದಲು ನೀರು ಅವನ್ನು ಬೆಸೆದಿದೆ, ಅಷ್ಟೆ.

ಸಾಧಾರಣ ಉಕ್ಕು ಸುಮಾರು 250 ಮೆಗಾಪಾಸ್ಕಲ್‌ವರೆಗೆ ಎಳೆತವನ್ನೂ ಒತ್ತನ್ನೂ ಸಮನಾಗಿ ತಾಳುತ್ತದೆ. ಮೀರಿದರೆ ಥಟ್ಟನೆ ಮುರಿಯದೆ ಮಣಿಯುತ್ತದೆ. ಕಾಂಕ್ರೀಟು ಒತ್ತಿನಲ್ಲಿ 30ರಿಂದ 60 ಮೆಗಾಪಾಸ್ಕಲ್ ತಾಳಿದರೂ ಎಳೆತದಲ್ಲಿ ಅದರ ಹತ್ತನೆಯ ಒಂದು ಪಾಲಿಗೇ ಬಿರಿಯುತ್ತದೆ. ಲೋಹದ ಸ್ಫಟಿಕದಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಬಲ್ಲವಾದುದರಿಂದ ಬಿರುಕಿನ ತುದಿಯಲ್ಲಿ ಮಡುಗಟ್ಟಿದ ಪ್ರತಿಬಲ ಆ ಜಾರಿಕೆಯಲ್ಲಿ ಹಂಚಿಹೋಗುತ್ತದೆ. ಸಿಮೆಂಟಿನಲ್ಲಿ ಈ ಸೌಕರ್ಯವಿಲ್ಲ. ಅದರಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟಿನಿಂದಲೇ ಇರುತ್ತವೆ. ಒತ್ತು ಅವನ್ನು ಮುಚ್ಚುತ್ತದೆ, ಎಳೆತ ತೆರೆಯುತ್ತದೆ. ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿಗೆ 200 ಗಿಗಾಪಾಸ್ಕಲ್, ಕಾಂಕ್ರೀಟಿಗೆ ಸುಮಾರು 30. ಉಷ್ಣವ್ಯಾಕೋಚನವೊಂದು ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಸಮ. ಈ ಆಕಸ್ಮಿಕ ಸಾಮ್ಯವಿಲ್ಲದಿದ್ದರೆ ಇವೆರಡರ ದಾಂಪತ್ಯ ಬಹುಕಾಲ ಬಾಳುತ್ತಿರಲಿಲ್ಲ.

ಸ್ಲೀಪರಿನಲ್ಲಿ ಆ ದಾಂಪತ್ಯದ ಉತ್ತಮ ರೂಪವಿದೆ. ಉಕ್ಕಿನ ತಂತಿಗಳನ್ನು ಮೊದಲೇ ಎಳೆದು ಹಿಡಿದು, ಸುತ್ತಲೂ ಎರೆದ ಕಾಂಕ್ರೀಟು ಗಟ್ಟಿಯಾದ ಬಳಿಕ ಬಿಟ್ಟರೆ ಅವು ಕುಗ್ಗಲು ಹವಣಿಸಿ ಕಾಂಕ್ರೀಟನ್ನು ಒತ್ತುತ್ತವೆ. ಮುಂದೆ ರೈಲಿನ ಭಾರದಿಂದ ಬರುವ ಎಳೆತ ಮೊದಲು ಈ ಒತ್ತನ್ನು ಕಳೆಯಬೇಕು.

ಆದರೆ ಒತ್ತಿಗೆ ದಿಕ್ಕಿದೆ. ಪಠ್ಯಪುಸ್ತಕದ ಕೋಷ್ಟಕಗಳು ಇದನ್ನು ಮರೆಸುತ್ತವೆ. ಕಾರವಾರ ತಾಲ್ಲೂಕಿನ ಕೈಗಾ ಅದನ್ನು ಕಠೋರವಾಗಿ ನೆನಪಿಸಿತು. 1994ರ ಮೇ 13ರಂದು, ಅಣುವಿದ್ಯುತ್ ಸ್ಥಾವರದ ಒಂದನೆಯ ಘಟಕ ಇನ್ನೂ ನಿರ್ಮಾಣದಲ್ಲಿದ್ದಾಗ, ಅದರ ಒಳಗುಮ್ಮಟದ ಕೆಳಪದರ ಕಳಚಿ ಬಿತ್ತು, ಕಾರ್ಮಿಕರು ಗಾಯಗೊಂಡರು. ಇಂಧನ ತುಂಬಿರಲಿಲ್ಲವೆಂಬುದೊಂದೇ ಸಮಾಧಾನ. ಗುಮ್ಮಟದ ಬಾಗಿನುದ್ದಕ್ಕೂ ಬಿಗಿದ ಕೇಬಲ್ಲುಗಳು ಮೇಲ್ಮೈಗೆ ಸಮಾಂತರವಾಗಿ ಒತ್ತನ್ನುಂಟುಮಾಡುತ್ತವೆ. ಆದರೆ ಕೇಬಲ್ಲು ಒಳಮುಖವಾಗಿಯೂ ಒತ್ತಿಗೊಳಗಾದ ಬಾಗುಕಾಂಕ್ರೀಟು ಹೊರಮುಖವಾಗಿಯೂ ತಳ್ಳುವ ಬಲಗಳು ಬೇರೆ ಬೇರೆ ಆಳಗಳಲ್ಲಿ ವರ್ತಿಸುವುದರಿಂದ ಗುಮ್ಮಟದ ದಪ್ಪದ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಆ ಎಳೆತ ಅಲ್ಪವೇ. ಆದರೂ ಕೇಬಲ್ಲಿನ ನಾಳಗಳು ಒತ್ತಾಗಿ ಸಾಗುವ ಪದರದಲ್ಲಿ ಕಾಂಕ್ರೀಟು ಕಡಿಮೆ, ಅಡ್ಡವಾಗಿ ಹಿಡಿಯುವ ಉಕ್ಕು ಸಾಲದು.

ಗುಮ್ಮಟವನ್ನು ಹೆಚ್ಚು ಬಲದ ಕಾಂಕ್ರೀಟಿನಿಂದ, ದಪ್ಪದ ದಿಕ್ಕಿನಲ್ಲಿಯೂ ಸರಳುಗಳನ್ನಿಟ್ಟು ಹೊಸದಾಗಿ ಕಟ್ಟಲಾಯಿತು. ಘಟಕವು 2000ದಲ್ಲಿ ವಿದ್ಯುತ್ ಉತ್ಪಾದನೆಗೆ ತೊಡಗಿತು.