ತಂದೆ ಬಿಟ್ಟುಹೋದ ಜೀಪಿಗೆ ಬೆಲೆ ಕಟ್ಟುವ ಮುನ್ನ

ಕುಂದೂರಿನ ಸುತ್ತಮುತ್ತ ಕಾಫಿ, ಶುಂಠಿ ಬೆಳೆಯುವ ಮನೆಗಳ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದ ಹಳೆಯ ಮಹೀಂದ್ರ ಜೀಪು ಇರುವುದು ಹೊಸತಲ್ಲ. ತಂದೆ ತೀರಿಕೊಂಡ ಮೇಲೆ ಸಾಲ, ವಸಿಯ್ಯತ್ ತೀರಿಸಿ ಪಾಲಿಗೆ ಕುಳಿತಾಗ ಜಮೀನು, ಚಿನ್ನ ಎಲ್ಲಕ್ಕೂ ಲೆಕ್ಕ ಹಾಕುತ್ತೇವೆ. ಜೀಪಿನ ಸರದಿ ಬಂದಾಗ "ಅದೇನು, ಗುಜರಿ" ಎಂದು ಅಣ್ಣ ಇಟ್ಟುಕೊಳ್ಳುತ್ತಾನೆ. ಮದುವೆಯಾಗಿ ಹೋದ ತಂಗಿ ಸುಮ್ಮನಿರುತ್ತಾಳೆ. ಕೆಲವು ತಿಂಗಳ ಮೇಲೆ ಅದೇ ಗುಜರಿ ಒಳ್ಳೆಯ ಬೆಲೆಗೆ ಹೋದ ಸುದ್ದಿ ಅವಳ ಕಿವಿಗೆ ಬೀಳುತ್ತದೆ. ಬೇರೆ ವಾರಸುದಾರರಿಲ್ಲದೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳಿದ್ದರೆ ಆ ಬೆಲೆಯ ಐದರಲ್ಲೊಂದು ಪಾಲು ಅವಳದು. ಆದ್ದರಿಂದ ಹಳೆಯ ಎಂಜಿನ್‌ಗೆ ಬೆಲೆ ಕಟ್ಟುವುದು ಹೇಗೆಂದು ತಿಳಿದಿರುವುದು ಮೆಕ್ಯಾನಿಕ್‌ಗೆ ಮಾತ್ರ ಸೇರಿದ ವಿಷಯವಲ್ಲ.

ಮೊದಲು ಒಂದು ಎಚ್ಚರಿಕೆ. ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ನೇರ ಸ್ಟಾರ್ಟ್ ಹೊಡೆಯಬಾರದು. ನಮ್ಮ ಮಳೆಯ ತೇವಕ್ಕೆ ಲೈನರ್ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಂಡಿರಬಹುದು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಬೇಕು. ತಿರುಗಿದರೆ ಹಳೆಯ ಡೀಸೆಲ್, ಆಯಿಲ್ ತೆಗೆದು ಹೊಸದು ಹಾಕಿ, ಆಮೇಲೆ ಸ್ಟಾರ್ಟ್.

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವಷ್ಟರಲ್ಲಿ ಯಾರಾದರೂ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸುಳಿವು. ಸವೆದ ಡೀಸೆಲ್ ಎಂಜಿನ್ ತನ್ನ ಕಷ್ಟವನ್ನು ಬೆಳಗಿನ ಚಳಿಯಲ್ಲೇ ಹೇಳುವುದು. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಅಂದರೆ ರಿಂಗ್ ಅಥವಾ ವಾಲ್ವ್ ಕಡೆ ಸವೆತ. ಕಪ್ಪು ಹೊಗೆಗೆ ಹೆಚ್ಚು ಹೆದರಬೇಕಿಲ್ಲ. ಏರ್ ಫಿಲ್ಟರ್, ನಾಜಲ್, ಪಂಪ್ ನೋಡಿಸಿದರೆ ಸಾಕಾಗಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಗಾಬರಿಯಾಗುವ ಮುನ್ನ ಡಿಪ್‌ಸ್ಟಿಕ್ ಎಳೆದು ನೋಡಿ. ತೋಟದೊಳಗೇ ಚೂರುಪಾರು ಓಡುವ ಗಾಡಿಯಲ್ಲಿ ಮುಚ್ಚಳದಡಿ ತೇವ ಸೇರುವುದುಂಟು. ಡಿಪ್‌ಸ್ಟಿಕ್‌ನ ಆಯಿಲ್ಲೂ ಬೆಳ್ಳಗಿದ್ದರೆ ಮಾತ್ರ ಅದು ನಿಜವಾದ ಕಾಯಿಲೆ.

ಮೆಕ್ಯಾನಿಕ್‌ಗಳು 'ಬ್ಯಾಕ್ ಕಂಪ್ರೆಷನ್' ಎನ್ನುವುದನ್ನು ಯಾರು ಬೇಕಾದರೂ ನೋಡಬಹುದು. ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಮುಚ್ಚಳ ತೆಗೆಯಿರಿ. ಚಹಾದ ಕೆಟಲ್‌ನಂತೆ ಹೊಗೆ ದಬದಬ ಎಂದು ನುಗ್ಗಿದರೆ ರಿಂಗ್, ಲೈನರ್ ಮುಗಿದಿವೆ ಎಂದೇ ಲೆಕ್ಕ. ಅನುಮಾನ ಉಳಿದರೆ ಗೇಜ್ ಹಾಕಿಸಿ. ಸಿಲಿಂಡರ್‌ನಿಂದ ಸಿಲಿಂಡರಿಗೆ ಶೇ. 10ಕ್ಕಿಂತ ಹೆಚ್ಚು ಅಂತರ ಬಂದರೆ ಕೆಲಸ ಕಾದಿದೆ ಎಂದರ್ಥ.

ಕಿಲೋಮೀಟರ್ ಮೀಟರನ್ನು ನಂಬಬೇಡಿ. ತಿರುಚಿರಬಹುದು ಎಂಬುದು ಒಂದು ಕಾರಣವಾದರೆ, ಇನ್ನೊಂದು ನಮ್ಮ ಬೆಟ್ಟದ್ದೇ. ಗೊಬ್ಬರ ಹೇರಿ ಒಂದು, ಎರಡನೇ ಗೇರಿನಲ್ಲೇ ಏರು ಹತ್ತಿದ ಜೀಪು ಕಿಲೋಮೀಟರ್ ಕಡಿಮೆ ತೋರಿಸಿದರೂ ಎಂಜಿನ್ ದುಡಿದ ಗಂಟೆಗಳು ಬಹಳ. ಮೀಟರ್‌ಗಿಂತ ಹಳೆಯ ಲೇತ್ ಬಿಲ್ಲುಗಳು ಬೆಲೆಬಾಳುತ್ತವೆ. ಕ್ರ್ಯಾಂಕ್ ಶಾಫ್ಟನ್ನು 0.25, 0.50 ಮಿ.ಮೀ. ಎಂದು ಎಷ್ಟು ಸಲ ಉಜ್ಜಿಸಿದ್ದಾರೆ ಎಂಬುದು ಅವುಗಳಲ್ಲಿರುತ್ತದೆ. ಕೊನೆಯ ಅಳತೆ ಮುಗಿದಿದ್ದರೆ ಮತ್ತೆ ಉಜ್ಜಿಸಲು ಜಾಗವಿಲ್ಲ.

ಬೆಲೆಯ ಲೆಕ್ಕ ಸರಳ. ಅಂಥದ್ದೇ ಒಳ್ಳೆಯ ಎಂಜಿನ್ 60 ಸಾವಿರಕ್ಕೆ ಸಿಗುತ್ತದೆ, ಇದಕ್ಕೆ ಬೋರಿಂಗ್, ಪಿಸ್ಟನ್ ಕಿಟ್, ಕೂಲಿ ಸೇರಿ 35 ಸಾವಿರ ಬೇಕು ಎಂದಿಟ್ಟುಕೊಳ್ಳೋಣ. ಉಳಿಯುವ 25 ಸಾವಿರವೇ ಇದರ ಬೆಲೆ. ಕಬ್ಬಿಣದ ತೂಕದ ಬೆಲೆ ಅದಕ್ಕಿಂತ ಹೆಚ್ಚಾದರೆ ತೂಕದ ಬೆಲೆ. ಇದು ಎಂಜಿನ್ ಒಂದರ ಮಾತು. ಆರ್‌ಸಿ ಜೀವಂತವಿದ್ದರೆ ಇಡೀ ಗಾಡಿಯ ಬೆಲೆಯೇ ಬೇರೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಬ್ಲಾಕಿನ ಮೇಲಿನ ನಂಬರನ್ನು ಆರ್‌ಸಿಯೊಂದಿಗೆ ಹೋಲಿಸಿ ನೋಡಿ. ಹಿಂದೆ ಎಂಜಿನ್ ಬದಲಿಸಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಓಗೆ ತಿಳಿಸಿರಬೇಕು. ತಾಳೆಯಾಗದ ನಂಬರಿನ ಗಾಡಿಗೆ ಬುದ್ಧಿವಂತ ಗಿರಾಕಿ ಬೆಲೆ ಇಳಿಸಿಯೇ ಕೇಳುತ್ತಾನೆ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31 ಇದೆ. ಗುಜರಿಗೆ ಕೊಡುವುದಾದರೆ ಮೊದಲು ಆರ್‌ಸಿ ರದ್ದು ಮಾಡಿಸಿ.

ಹೊರಗಿನವರಿಗೆ ಮಾರುವಾಗ ದಪ್ಪ ಆಯಿಲ್ ಸುರಿದು ಹೊಗೆ ಅಡಗಿಸುವ ಉಪಾಯ ನಮ್ಮ ಗ್ಯಾರೇಜುಗಳಿಗೆ ಹೊಸದಲ್ಲ. ಧಾನ್ಯದ ರಾಶಿಯೊಳಗೆ ಪ್ರವಾದಿಯವರು(ಸ) ಕೈಯಿಟ್ಟಾಗ ಬೆರಳಿಗೆ ಒದ್ದೆ ತಗುಲಿದ ಘಟನೆಯನ್ನು ಖುತ್ಬಾದಲ್ಲಿ ಎಷ್ಟು ಸಲ ಕೇಳಿದ್ದೇವೆ! ದಪ್ಪ ಆಯಿಲ್ ಕೂಡ ಆ ಮೇಲಿನ ಒಣ ಧಾನ್ಯವೇ.

ಮನೆಯೊಳಗಿನ ಪಾಲಿನಲ್ಲಿ ನಾವು ಹೇಳುವುದಿಷ್ಟು: ಜೀಪು ಇಟ್ಟುಕೊಳ್ಳುವವನೇ ಬೆಲೆ ಹೇಳಬಾರದು. ಆಲೂರಿನಿಂದೊಬ್ಬ, ಸಕಲೇಶಪುರದಿಂದೊಬ್ಬ ಮೆಕ್ಯಾನಿಕ್‌ನನ್ನು ಕರೆಸಿ, ಇಬ್ಬರಿಂದಲೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡುವ ಬೆಳಿಗ್ಗೆ ತಂಗಿಗೂ ಬರಹೇಳಿ. ದೂರವಿದ್ದರೆ ವಿಡಿಯೋ ಕಾಲ್ ಮಾಡಿ ಹೊಗೆಯ ಬಣ್ಣ ತೋರಿಸಿ.